ಆಗವಲ್ದು

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು ಇದು. ಕಟ್ಟಡ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವ ಹುಡುಗಿ ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ಹೇಳಿದಳು: "ಅಣ್ಣಾರ, ಎಸ್ಟಿಮೇಟಿಗೆ ಇಎಸ್‌ಟಿ, ಮಟೀರಿಯಲ್ಲಿಗೆ ಎಂಎಟಿ ಅಂತ ಫೋಲ್ಡರ್ ಮಾಡೇನ್ರಿ, ಅವು ಆದ್ವು. ಕನ್‌ಸ್ಟ್ರಕ್ಷನ್ನಿಗೆ ಸಿಓಎನ್ ಅಂತ ಹಾಕಿದ್ರ ಆಗವಲ್ದು ನೋಡ್ರಿ." ಅಂಗಡಿಯ ಹುಡುಗ ತಲೆ ಎತ್ತದೆ ಕೇಳಿದ: "ಎರರ್ ಏನ್ ಹೊಡ್ಯಾಕತ್ತೈತಿ?"

ರೋಗ ಏನೆಂಬುದು ಹುಡುಗಿಯ ಮಾತಿನಲ್ಲೇ ಇತ್ತು. ಹುಡುಗನ ಪ್ರಶ್ನೆಯಲ್ಲಿ ಅದು ಮಾಯವಾಯಿತು. ಈಗಿನ ನಮ್ಮ ಮಾತಿನ ಮೇಲೆ ನನಗಿರುವ ಸಿಟ್ಟೆಲ್ಲ ಈ ಎರಡು ವಾಕ್ಯಗಳ ನಡುವೆ ಇದೆ.

ಆಗವಲ್ದು ಎಂದರೆ ಆಗಲು ಒಲ್ಲದು. ಬೆಂಗಳೂರು, ಮೈಸೂರು ಕಡೆಯವರು ಇಂಥಲ್ಲಿ ‘ಆಗ್ತಿಲ್ಲ’ ಅನ್ನುತ್ತಾರೆ. ಅದು ಬರೀ ವರದಿ. ಕೆಲಸ ಆಗಲಿಲ್ಲ, ಅಷ್ಟೆ. ಧಾರವಾಡ, ಗದಗ, ಹಾವೇರಿ ಕಡೆಯ ‘ಆಗವಲ್ದು’ ಎನ್ನುವುದರಲ್ಲಿ ಎದುರಿಗೊಂದು ಮನಸ್ಸಿದೆ, ಆ ಮನಸ್ಸು ಬೇಡ ಅನ್ನುತ್ತಿದೆ. ಕೂಸು ಉಣ್ಣವಲ್ದು. ಮಳಿ ಬರವಲ್ದು. ಗಾಡಿ ಚಾಲೂ ಆಗವಲ್ದು. ಮಗ ಹೇಳಿದ್ದು ಕೇಳವಲ್ಲ. ಒಲ್ಲೆ ಎಂಬುದಕ್ಕೂ ಒಲವಿಗೂ ಇರುವ ನಂಟು ಎಲ್ಲರೂ ಬಲ್ಲದ್ದೇ, ಅದನ್ನಿಲ್ಲಿ ಎಳೆಯುವುದಿಲ್ಲ. ಈ ಒಲ್ಲೆ ತಾನಾಗಿ ನಿಲ್ಲುವುದನ್ನು ಬಿಟ್ಟು ಬೇರೆ ಕ್ರಿಯಾಪದಗಳ ಬೆನ್ನಿಗೆ ಹೇಗೆ ಅಂಟಿಕೊಂಡಿತು ಎಂಬುದೇ ನನ್ನನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ.

ನನ್ನ ವಾದ ಹೀಗಿದೆ: ಈ ಬಳಕೆ ಹುಟ್ಟಿದ್ದು ಹೊಲದಲ್ಲಿ, ಎತ್ತಿನ ಮುಂದೆ ನಿಂತವರ ಬಾಯಲ್ಲಿ. ಹೂಡಿದ ಎತ್ತು ನಡುಸಾಲಿನಲ್ಲಿ ಮಲಗಿಬಿಡುತ್ತದೆ. ಕಾಲು ಗಟ್ಟಿ ಇವೆ, ಹೊಟ್ಟೆ ತುಂಬಿದೆ, ಎಳೆಯುವ ಕಸುವೂ ಇದೆ. ಆದರೂ ಏಳದು. ಅದನ್ನು ‘ಏಳಲಾರದು’ ಎಂದರೆ ಸುಳ್ಳಾಗುತ್ತದೆ, ‘ಏಳ್ತಿಲ್ಲ’ ಎಂದರೆ ಅರ್ಧ ಮಾತಾಗುತ್ತದೆ. ‘ಏಳವಲ್ದು’ ಎಂದಾಗ ಮಾತ್ರ ಇಡೀ ಸಂಗತಿ ಬಾಯಿಗೆ ಬರುತ್ತದೆ. ಎತ್ತಿನಿಂದ ಅದು ಮಳೆಗೆ ಹೋಯಿತು, ಮಳೆಯಿಂದ ಪಂಪ್‌ಸೆಟ್ಟಿಗೆ, ಈಗ ಲ್ಯಾಪ್‌ಟಾಪಿಗೆ ಬಂದಿದೆ. ಭಾಷಾಶಾಸ್ತ್ರಜ್ಞರು ಒಪ್ಪದಿರಬಹುದು. ಬೇಸಾಯ ಮಾಡಿದವರು ಒಪ್ಪುತ್ತಾರೆ ಎಂಬ ಭರವಸೆ ನನಗಿದೆ.

ಇನ್ನೊಂದು ಸೊಗಸನ್ನೂ ಹೇಳಿಬಿಡುತ್ತೇನೆ. ಅರಿಯೆ, ಮಾಡೆ, ಬಾರೆ, ಒಲ್ಲೆ: ಈ ಹಳೆಯ ನಿಷೇಧರೂಪಗಳಲ್ಲಿ ‘ಇಲ್ಲ’ವೂ ಇಲ್ಲ, ‘ಅಲ್ಲ’ವೂ ಇಲ್ಲ. ಧಾತುವಿಗೆ ನೇರವಾಗಿ ‘ನಾನು’ ಸೇರಿದೆ, ನಡುವೆ ಕಾಲವನ್ನು ಹೇಳುವ ಪ್ರತ್ಯಯ ಬಂದಿಲ್ಲ. ಕಾಲವೇ ಇಲ್ಲದ ಕ್ರಿಯೆ ನಡೆಯದ ಕ್ರಿಯೆಯಾಯಿತು. ನಿರಾಕರಣೆಯನ್ನು ಇಷ್ಟು ಮೆಲ್ಲಗೆ ಮಾಡುವ ಭಾಷೆ ನಮ್ಮದು.

ಈಗ ಆ ಲ್ಯಾಪ್‌ಟಾಪಿನ ಕಡೆ ಬರೋಣ. ವಿಂಡೋಸ್ ಇರುವ ಯಾವ ಕಂಪ್ಯೂಟರಿನಲ್ಲೂ ಇಂಗ್ಲಿಷ್ ಅಕ್ಷರಗಳ ಸಿಓಎನ್ ಎಂಬ ಹೆಸರಿನ ಫೋಲ್ಡರನ್ನು ಸಾಧಾರಣ ರೀತಿಯಲ್ಲಿ ಮಾಡಲು ಬಾರದು. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವೂ ಇಲ್ಲ. ಪಿಆರ್‌ಎನ್, ಎಯುಎಕ್ಸ್, ಎನ್‌ಯುಎಲ್ ಎಂಬ ಹೆಸರುಗಳಿಗೂ ಇದೇ ಗತಿ. ಸಿಓಎಂ ಎಂಬುದರ ಮುಂದೆ ಒಂದರಿಂದ ಒಂಬತ್ತರವರೆಗಿನ ಯಾವುದಾದರೂ ಅಂಕಿ, ಎಲ್‌ಪಿಟಿಯ ಮುಂದೆ ಅದೇ ರೀತಿಯ ಅಂಕಿ ಬಂದರೂ ಅಷ್ಟೆ. ಆದರೆ ಯಂತ್ರಕ್ಕೆ ಇದು ಆಗದ ಕೆಲಸವೇನಲ್ಲ. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು, ವಿಳಾಸದ ಮೊದಲಿಗೆ ಎರಡು ಬ್ಯಾಕ್‌ಸ್ಲ್ಯಾಶ್, ಒಂದು ಪ್ರಶ್ನೆಚಿಹ್ನೆ, ಮತ್ತೊಂದು ಬ್ಯಾಕ್‌ಸ್ಲ್ಯಾಶ್ ಹಚ್ಚಿ ಅಪ್ಪಣೆ ಕೊಟ್ಟರೆ ಅದೇ ಡಿಸ್ಕಿನಲ್ಲಿ, ಅದೇ ಹೆಸರಿನ ಫೋಲ್ಡರು ಮರುಮಾತಿಲ್ಲದೆ ಹುಟ್ಟುತ್ತದೆ. ಲಿನಕ್ಸ್ ಇರುವ ಪೆನ್‌ಡ್ರೈವ್ ಸಿಕ್ಕಿಸಿ ಅದೇ ಲ್ಯಾಪ್‌ಟಾಪನ್ನು ಎಬ್ಬಿಸಿದರೂ ಹುಟ್ಟುತ್ತದೆ. ಅಂದರೆ ಇದು ‘ಆಗದು’ ಅಲ್ಲ, ‘ಲಾರದು’ ಅಲ್ಲ. ಕಸುವಿದೆ, ಮನಸ್ಸಿಲ್ಲ. ಆ ಹುಡುಗಿ ಕಂಪ್ಯೂಟರಿನ ಒಳಗು ತಿಳಿಯದೆಯೂ ಆಡಿದ ಮಾತು ಅಕ್ಷರಶಃ ನಿಜ: ಆಗವಲ್ದು. (ಹಾಗೆ ಹಟದಿಂದ ಹುಟ್ಟಿಸಿದ ಫೋಲ್ಡರನ್ನು ಮುಂದೆ ಅಳಿಸುವುದಕ್ಕೂ ಅದೇ ಅಡ್ಡದಾರಿ ಹಿಡಿಯಬೇಕಾಗುತ್ತದೆ. ಆದ್ದರಿಂದ ಮಾಡಿ ನೋಡುವ ಆಸೆ ಬೇಡ.)

ಒಲ್ಲದು ಅಂದಮೇಲೆ ‘ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು’ ಎಂಬ ಗಾದೆ ಬರಲೇಬೇಕು. ಇದನ್ನು ನೂರು ಸಲ ಕೇಳಿದವರೂ ಮೊಸರೇ ಯಾಕೆ ಎಂದು ಕೇಳಿಕೊಳ್ಳುವುದಿಲ್ಲ. ಅಕ್ಕಿಯಲ್ಲಿ ಕಲ್ಲಿರುತ್ತದೆ, ಬೇಳೆಯಲ್ಲಿರುತ್ತದೆ, ಜೋಳದಲ್ಲಿ ಹರಳಿರುತ್ತದೆ. ಮೊರ ಹಿಡಿದು ಕೇರಿ, ಆರಿಸಿ, ಆಮೇಲೂ ಒಂದೆರಡು ಉಳಿದು ಹಲ್ಲಿಗೆ ಸಿಕ್ಕುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅನ್ನದಲ್ಲಿ ಕಲ್ಲು ಸಿಕ್ಕಿತು ಎಂದು ಗಂಡ ಎಲೆ ಬಿಟ್ಟು ಎದ್ದಿದ್ದರೆ ಅದು ಗಾದೆಯಾಗುತ್ತಿರಲಿಲ್ಲ. ಹಾಲನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ, ಹೆಪ್ಪು ಹಾಕಿ, ಮುಚ್ಚಿಟ್ಟು ಮಾಡುವ ಮೊಸರಿನಲ್ಲಿ ಕಲ್ಲಿಗೆ ಎಡೆಯೇ ಇಲ್ಲ. ಆದ್ದರಿಂದ ಇದು ಶುದ್ಧ ನೆವ, ಬಿಡಬೇಕೆಂದಿದ್ದವನು ಹುಡುಕಿದ ಸುಳ್ಳು ಕಾರಣ. ಎಲ್ಲರೂ ಹೇಳುವ ಅರ್ಥ ಇದು.

ನನಗೆ ಈ ಅರ್ಥ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಅಜ್ಜಿಯ ಕಾಲದ ಅಡುಗೆಮನೆಯಲ್ಲಿ ಪುಡಿ ಉಪ್ಪು ಇರಲಿಲ್ಲ, ಕಲ್ಲುಪ್ಪು ಇತ್ತು. ಮಣ್ಣಿನ ಗಡಿಗೆಯಲ್ಲಿ ಸದಾ ಕೊಂಚ ಒದ್ದೆಯಾಗಿರುತ್ತಿದ್ದ ಆ ಉಪ್ಪಿನ ಹರಳನ್ನು ಕುದಿಯುವ ಸಾರಿಗೆ ಹಾಕಿದರೆ ಗಳಿಗೆಯಲ್ಲಿ ಕರಗುತ್ತಿತ್ತು. ತಣ್ಣನೆಯ ಗಟ್ಟಿ ಮೊಸರಿಗೆ ಹಾಕಿದರೆ ಬೇಗ ಕರಗುತ್ತಿರಲಿಲ್ಲ. ಅಜ್ಜಿ ಅದಕ್ಕೇ ಮೊದಲು ನೀರಿನಲ್ಲಿ ಉಪ್ಪನ್ನು ಕದಡಿ, ಆ ನೀರನ್ನು ಮೊಸರಿಗೆ ಸೇರಿಸುತ್ತಿದ್ದಳು. ಹೊಸದಾಗಿ ಮನೆಗೆ ಬಂದ ಸೊಸೆಗೆ ಈ ಉಪಾಯ ಯಾರು ಹೇಳಿಕೊಟ್ಟಿರುತ್ತಾರೆ? ಅವಳು ಹರಳನ್ನು ಹಾಗೇ ಹಾಕಿರುತ್ತಾಳೆ. ಗಂಡನ ಹಲ್ಲಿಗೆ ಕಟಂ ಅಂದದ್ದು ಆ ಕಲ್ಲುಪ್ಪು. ಕಲ್ಲು ಎಂದು ಅವನು ಅಂದದ್ದು ಹಸಿ ಸುಳ್ಳಲ್ಲ. ಒಲಿದ ಗಂಡನಾಗಿದ್ದರೆ ಅದು ಉಪ್ಪಾಗಿರುತ್ತಿತ್ತು, ಒಲ್ಲದವನಿಗೆ ಕಲ್ಲಾಯಿತು. ಗಾದೆಯ ನಿಜವಾದ ಮೊನೆ ಇಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ. ಒಲ್ಲದವರು ಕೊಡುವ ಕಾರಣದ ಒಳಗೆ ಎಲ್ಲೋ ಒಂದು ಹರಳಿನಷ್ಟು ನಿಜ ಇದ್ದೇ ಇರುತ್ತದೆ, ಅದು ಇನ್ನೊಂದು ಕಾಲದ ಅಡುಗೆಮನೆಯದು.

ಆ ಲ್ಯಾಪ್‌ಟಾಪ್ ಕೊಟ್ಟ ಕಾರಣವನ್ನು ನೋಡಿ. ನೀವು ಹೇಳಿದ ಸಾಧನದ ಹೆಸರು ಸರಿಯಿಲ್ಲ ಎಂಬರ್ಥದ ಒಂದು ಇಂಗ್ಲಿಷ್ ಸಾಲು. ಹುಡುಗಿ ಯಾವ ಸಾಧನದ ಹೆಸರನ್ನೂ ಹೇಳಿರಲಿಲ್ಲ, ಫೋಲ್ಡರಿಗೆ ಹೆಸರಿಟ್ಟಿದ್ದಳು. ಮೊಸರಲ್ಲಿ ಕಲ್ಲು ಹುಡುಕಿದ ಹಾಗೆಯೇ ಕಾಣುತ್ತದೆ. ಹರಳು ಎಲ್ಲಿದೆ ಎಂದರೆ 1981ರಲ್ಲಿದೆ.

ಆ ವರ್ಷದ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದನ್ನು ನಡೆಸುವ ತಂತ್ರಾಂಶವಾದ ಡಾಸ್, ಟಿಮ್ ಪ್ಯಾಟರ್ಸನ್ ಸಿಯಾಟಲ್‌ನಲ್ಲಿ ಬರೆದು ಮೈಕ್ರೋಸಾಫ್ಟ್ ಕೊಂಡುಕೊಂಡ ವ್ಯವಸ್ಥೆಯಿಂದ ಬಂದದ್ದು. ಅದಕ್ಕೂ ಹಿಂದೆ ಗ್ಯಾರಿ ಕಿಲ್ಡಾಲ್ ಅವರ ಸಿಪಿಎಂ ಎಂಬ ಅಂಥದ್ದೇ ವ್ಯವಸ್ಥೆಯ ರೂಢಿಗಳಿದ್ದವು. ಆ ರೂಢಿಯಲ್ಲಿ ಕೀಬೋರ್ಡು ಮತ್ತು ಪರದೆಯ ಜೋಡಿಗೆ ಕನ್ಸೋಲ್ ಎಂಬುದರ ಮೊಟಕು ರೂಪವಾಗಿ ‘ಕಾನ್’ (ಅದೇ ಸಿಓಎನ್) ಎಂದು ಹೆಸರು. ಡಾಸ್‌ನಲ್ಲಿ ಪ್ರಿಂಟರು ಪಿಆರ್‌ಎನ್, ಏನು ಸುರಿದರೂ ನುಂಗಿ ಸುಮ್ಮನಿರುವ ಬರಿದು ಎನ್‌ಯುಎಲ್. ಕಡತದ ಹೆಸರು ಬರೆಯುವ ಜಾಗದಲ್ಲೇ ಈ ಹೆಸರುಗಳನ್ನೂ ಬರೆಯಬಹುದಿತ್ತು. ಮುಖ್ಯ ಮಾತೆಂದರೆ, ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. 160 ಕಿಲೋಬೈಟಿನ ಒಂದು ಫ್ಲಾಪಿ, ಅದರಲ್ಲಿ ಹೆಚ್ಚೆಂದರೆ 64 ಕಡತ, ಎಲ್ಲವೂ ಒಂದೇ ಸಾಲಿನಲ್ಲಿ. 1983ರ ಎರಡನೆಯ ಡಾಸ್ ಜೊತೆ ಫೋಲ್ಡರುಗಳು ಬಂದಾಗ ಕಷ್ಟ ಎದುರಾಯಿತು. ಜನ ಕೊಂಡಿಟ್ಟ ಹಳೆಯ ಪ್ರೋಗ್ರಾಂಗಳಿಗೆ ಫೋಲ್ಡರ್ ಎಂದರೇನೆಂದು ಗೊತ್ತಿರಲಿಲ್ಲ. ಯಾವ ಫೋಲ್ಡರಿನಲ್ಲಿ ಕೂತು ಕಾನ್ ಎಂದರೂ ಅವಕ್ಕೆ ಕೀಬೋರ್ಡೇ ಸಿಗಬೇಕಿತ್ತು. ಅದಕ್ಕಾಗಿ ಈ ಹೆಸರುಗಳನ್ನು ಎಲ್ಲ ಫೋಲ್ಡರಿನಲ್ಲೂ ಕಣ್ಣಿಗೆ ಕಾಣದಂತೆ ಇರುವವೆಂದು ಎಣಿಸಲಾಯಿತು. ಕೆಲವು ಪ್ರೋಗ್ರಾಂಗಳು ಹೆಸರಿನ ಕೊನೆಗೆ ತಾವೇ ಚುಕ್ಕೆ ಇಟ್ಟು ಮೂರಕ್ಷರ ಸೇರಿಸುತ್ತಿದ್ದವು, ಹಾಗಾಗಿ ಆ ಬಾಲವನ್ನೂ ಲೆಕ್ಕಕ್ಕೆ ಹಿಡಿಯದಂತೆ ಮಾಡಿದರು. ಆ ಕಟ್ಟಳೆಯೇ ವಿಂಡೋಸ್‌ಗೂ ಬಂತು.

ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಡಾಸ್, ವರ್ಡ್‌ಸ್ಟಾರ್, ಲೋಟಸ್ ಕಲಿತವರಿಗೆ ಕಾನ್ ಹೊಸಬನಲ್ಲ. ‘ಕಾಪಿ ಕಾನ್’ ಎಂದು ಬರೆದು, ಮುಂದೆ ಒಂದು ಹೆಸರು ಕೊಟ್ಟು, ನಾಲ್ಕು ಸಾಲು ಕುಟ್ಟಿ, ಎಫ್6 ಒತ್ತಿ ಎಂಟರ್ ಹೊಡೆದರೆ ಕಡತ ಸಿದ್ಧ. ನಮ್ಮಲ್ಲಿ ಎಷ್ಟೋ ಜನ ಜೀವನದಲ್ಲಿ ಮೊದಲ ಕಡತ ಹುಟ್ಟಿಸಿದ್ದು ಆ ಹೆಸರಿನ ಬಲದಿಂದ. ಮುಂದೆ ಹತ್ತೇ ವರ್ಷದಲ್ಲಿ ಅದು ಎಷ್ಟು ಮರೆತುಹೋಯಿತೆಂದರೆ, ಕಾನ್ ಎಂಬ ಫೋಲ್ಡರ್ ಮಾಡಲಾಗದು ಎಂಬುದನ್ನು ಒಬ್ಬ ಭಾರತೀಯ ಕಂಡುಹಿಡಿದನೆಂದೂ, ಮೈಕ್ರೋಸಾಫ್ಟ್‌ನ ಇಡೀ ತಂಡಕ್ಕೇ ಉತ್ತರ ಸಿಕ್ಕಿಲ್ಲವೆಂದೂ ಒಂದು ಮೇಲ್ ದೇಶದ ಎಲ್ಲ ಆಫೀಸುಗಳಲ್ಲಿ ಸುತ್ತಾಡಿತು. ಬಿಲ್ ಗೇಟ್ಸ್‌ಗೆ ಶಾಲೆಯಲ್ಲಿದ್ದ ಅಡ್ಡಹೆಸರು ಅದು ಎಂಬ ಇನ್ನೊಂದು ಕಥೆಯೂ ಬಂತು. ಎರಡೂ ಸುಳ್ಳು. ಹೆಸರುಗಳ ಪಟ್ಟಿ ಮೈಕ್ರೋಸಾಫ್ಟ್‌ನ ಕೈಪಿಡಿಗಳಲ್ಲೇ ಅಚ್ಚಾಗಿತ್ತು. ವಿಂಡೋಸ್ 98ರಲ್ಲಿ ಒಂದೇ ವಿಳಾಸದಲ್ಲಿ ಕಾನ್ ಎಂದು ಎರಡು ಸಲ ಬರೆದರೆ ಯಂತ್ರ ನೀಲಿ ಪರದೆ ತೋರಿಸಿ ಬೀಳುತ್ತಿತ್ತು, 2000ದ ಮಾರ್ಚಿನಲ್ಲಿ ಕಂಪನಿ ಅದಕ್ಕೆ ತೇಪೆ ಹಾಕಿತು. ಉತ್ತರ ಗೊತ್ತಿಲ್ಲದವರು ತೇಪೆ ಹಾಕುವುದು ಹೇಗೆ?

ಕನ್ನಡ ಲಿಪಿಯಲ್ಲಿ ‘ಕಾನ್’ ಎಂದು ಬರೆದು ನೋಡಿ, ಯಾವ ತಕರಾರೂ ಇಲ್ಲದೆ ಫೋಲ್ಡರ್ ಆಗುತ್ತದೆ. ಕಟ್ಟಳೆ ಇರುವುದು ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ. ಮಲೆನಾಡಿನವರು ತಮ್ಮ ದಟ್ಟ ಕಾಡಿನ ಫೋಟೋಗಳನ್ನು ‘ಕಾನು’ ಎಂಬ ಹೆಸರಿನಲ್ಲೇ ಇಟ್ಟುಕೊಳ್ಳಬಹುದು.

ಫೋಲ್ಡರ್ ಆಗದಿರುವುದಕ್ಕೆ ಬೇರೆ ಕಾರಣಗಳೂ ಇವೆ, ಒಂದೊಂದಕ್ಕೂ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಒಂದೊಂದು ನಿಷೇಧವಿದೆ. ಪೆನ್‌ಡ್ರೈವ್ ತುಂಬಿದೆ: ಜಾಗ ಸಾಲದು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ ಅಡ್ಮಿನಿಸ್ಟ್ರೇಟರ್ ಅಪ್ಪಣೆಯಿಲ್ಲದೆ ಮಾಡಲು ಹೊರಟಿದ್ದೀರಿ: ಕೂಡದು. ನಮ್ಮ ಆಫೀಸುಗಳಲ್ಲಿ ದಿನಾ ನಡೆಯುವುದು ಇನ್ನೊಂದು. ಗುಮಾಸ್ತರು ತಾರೀಖನ್ನು ಓರೆಗೆರೆ ಹಾಕಿ ಬರೆಯುವವರು, ಫೋಲ್ಡರಿಗೂ 12/5 ಎಂದೇ ಹೆಸರಿಡುತ್ತಾರೆ. ಓರೆಗೆರೆ, ವಿವರಣಚಿಹ್ನೆ, ಪ್ರಶ್ನೆಚಿಹ್ನೆ, ನಕ್ಷತ್ರಚಿಹ್ನೆ, ಜೋಡಿ ಉದ್ಧರಣಚಿಹ್ನೆ ಇವು ವಿಂಡೋಸ್‌ನಲ್ಲಿ ಹೆಸರಿಗೆ ಸಲ್ಲವು. ಸವಕಲು ನಾಣ್ಯ ಅಂಗಡಿಯಲ್ಲಿ ಸಲ್ಲದು ಎನ್ನುವಾಗ ಬಳಸುತ್ತಿದ್ದ ಅದೇ ಮಾತು. ಫೋಲ್ಡರಿನೊಳಗೆ ಫೋಲ್ಡರು ಮಾಡುತ್ತ ವಿಳಾಸ 260 ಅಕ್ಷರ ದಾಟಿದರೆ: ಹಿಡಿಯದು. ಒತ್ತಕ್ಷರಗಳಿಂದಾಗಿ ಕನ್ನಡದ ಹೆಸರುಗಳು ಈ ಎಲ್ಲೆಯನ್ನು ಬೇಗ ಮುಟ್ಟುತ್ತವೆ. ‘ಶಾಸ್ತ್ರ’ ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿನ ಎಣಿಕೆಯಲ್ಲಿ ಏಳು.

ಸಾಲದು, ಕೂಡದು, ಸಲ್ಲದು, ಹಿಡಿಯದು, ಒಲ್ಲದು. ಇಷ್ಟು ಬಗೆಯಾಗಿ ಬೇಡವೆನ್ನಬಲ್ಲ ಭಾಷೆಗೆ ತಂತ್ರಾಂಶಗಳನ್ನು ತರುವಾಗ ನಾವು ಮಾಡಿದ್ದೇನು? ಎಲ್ಲದಕ್ಕೂ ‘ಅಮಾನ್ಯ’, ಎಲ್ಲದಕ್ಕೂ ‘ವಿಫಲವಾಗಿದೆ’, ಏನೂ ತೋಚದಿದ್ದಾಗ ‘ದೋಷ’. ಆಡುಮಾತೂ ಇದೇ ದಾರಿ ಹಿಡಿದಿದೆ. ರಿಜೆಕ್ಟ್ ಮಾಡ್ತಿದೆ, ಆಕ್ಸೆಪ್ಟ್ ಮಾಡ್ತಿಲ್ಲ, ಸಪೋರ್ಟ್ ಇಲ್ಲ, ಎರರ್ ಹೊಡೀತಿದೆ. ಇವನ್ನು ಕೇಳಿದರೆ ಜಾಗ ತುಂಬಿದೆಯೋ, ಅಪ್ಪಣೆಯಿಲ್ಲವೋ, ಹೆಸರು ತಪ್ಪೋ ಒಂದೂ ತಿಳಿಯದು. ಕಂಪ್ಯೂಟರ್ ರಿಪೇರಿಯಲ್ಲಿ ಅರ್ಧ ಕೆಲಸ ಏನಾಗಿದೆ ಎಂದು ಸರಿಯಾಗಿ ಹೇಳುವುದು. ಆ ಅರ್ಧವನ್ನು ಮಾಡಿಕೊಡಬಲ್ಲ ಮಾತುಗಳನ್ನು ಬಿಟ್ಟು, ಏನನ್ನೂ ಹೇಳದ ಮಾತುಗಳನ್ನು ಎತ್ತಿಕೊಂಡಿದ್ದೇವೆ. ಬೇರೆ ಭಾಷೆಯ ಪದ ಬಂತೆಂದು ನನಗೆ ಬೇಸರವಿಲ್ಲ. ಫೋಲ್ಡರು, ಪೆನ್‌ಡ್ರೈವು ನಮ್ಮವೇ ಆಗಿವೆ. ಇದ್ದ ವಿವೇಚನೆ ಹೋಯಿತಲ್ಲ ಎಂಬುದೇ ಸಂಕಟ.

ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಗೆಳೆಯ ಗೆಳತಿಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮುಂದಿರುವ ಇಂಗ್ಲಿಷ್ ಸಾಲು ಯಾವ ಬಗೆಯ ‘ಇಲ್ಲ’ ಎಂದು ಮೊದಲು ನೋಡಿ. ಜಾಗದ ಮಾತಾದರೆ ಸಾಲದು ಎನ್ನಿ, ಅಪ್ಪಣೆಯ ಮಾತಾದರೆ ಕೂಡದು ಎನ್ನಿ. ಕಾನ್ ಎಂಬ ಹೆಸರು ಬಂದಲ್ಲಿ ‘ಈ ಹೆಸರನ್ನು ಕೀಬೋರ್ಡಿಗೆ ಮೊದಲೇ ಕೊಟ್ಟಾಗಿದೆ, ಬೇರೆ ಹೆಸರಿಡಿ’ ಎಂದು ಬರೆಯಿರಿ. ಅದನ್ನು ಓದಿದ ಯಾರೂ ಲ್ಯಾಪ್‌ಟಾಪ್ ಹೊತ್ತು ರಿಪೇರಿ ಅಂಗಡಿಗೆ ಹೋಗಬೇಕಾಗಿಲ್ಲ.