ಅಜ್ಜಿಯ ಮಾತ್ರೆ, ಹಸುವಿನ ರಕ್ತ

ಹನುಮಂತನಗರದ ರಾಮಾಂಜನೇಯ ಗುಡ್ಡದ ಕೆಳಗಿನ ನಮ್ಮ ಮನೆಯಲ್ಲಿ ಅಜ್ಜಿ ಮಸ್ಸೊಪ್ಪಿನ ಸಾರು ಬಿಟ್ಟು ಎರಡು ವರ್ಷವಾಗಿತ್ತು. ಹೃದಯದ ಕವಾಟ ಬದಲಿಸಿದ ಮೇಲೆ ವಾರ್ಫರಿನ್ ನುಂಗುತ್ತಿದ್ದರು. ಸೊಪ್ಪು ಮುಟ್ಟಲೇಬಾರದೆಂದು ಯಾರೋ ಹೇಳಿದ್ದರು.

ಈ ಮಾತ್ರೆಯ ಕಥೆ ಶುರುವಾಗುವುದೇ ಮೇವಿನಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ತಿಂದ ದನಗಳು ರಕ್ತ ಹೆಪ್ಪುಗಟ್ಟದೆ ಸತ್ತವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಅಂಥ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಕಾರ್ಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಆ ಸಂಶೋಧನೆಯಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಯಿತು, 1954ರಲ್ಲಿ ಮನುಷ್ಯರ ಔಷಧವಾಯಿತು.

ವಾರ್ಫರಿನ್ ಕರುಳಿನಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತ ಸೇರುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಕೊಲೆಸ್ಟಿರಮಿನ್ ಜೊತೆಗಿದ್ದರೆ ಮಾತ್ರ ಅದು ಕರುಳಲ್ಲೇ ಸಿಕ್ಕಿಬೀಳುತ್ತದೆ. 2010ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಬಿಗಾಟ್ರಾನ್‌ಗೆ ಕಾವಲು ಇನ್ನೂ ಬಿಗಿ. 1976ರಲ್ಲಿ ಗುರುತಿಸಲಾದ ಪಿ-ಗ್ಲೈಕೋಪ್ರೋಟೀನ್ ಕರುಳಿನ ಗೋಡೆಯಲ್ಲಿ ನಿಂತು ಅದನ್ನು ಹಿಂದಕ್ಕೆ ತಳ್ಳುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಆ ಕಾವಲನ್ನು ಹೆಚ್ಚಿಸಿ, ಔಷಧ ರಕ್ತ ಸೇರುವುದನ್ನೇ ಕಡಿಮೆ ಮಾಡುತ್ತದೆ.

ಸೊಪ್ಪಿನ ಜಗಳ ನಡೆಯುವುದು ಕರುಳಲ್ಲಲ್ಲ, ಯಕೃತ್ತಿನಲ್ಲಿ. ವಾರ್ಫರಿನ್ ತಡೆದ ಕೆಲಸವನ್ನು ಸೊಪ್ಪಿನ ವಿಟಮಿನ್ ಕೆ ಮತ್ತೆ ನಡೆಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ, ತಿನ್ನುವ ಅಳತೆ ಏರುಪೇರಾಗಬಾರದು ಅಷ್ಟೇ ಎಂದ ವೈದ್ಯರು, ರಕ್ತ ಪರೀಕ್ಷೆ ನೋಡಿ ಮಾತ್ರೆ ಹೊಂದಿಸಿದರು.

ಈಗ ವಾರಕ್ಕೆರಡು ದಿನ ಅಜ್ಜಿಯ ತಟ್ಟೆಗೆ ಮಸ್ಸೊಪ್ಪು ಬೀಳುತ್ತದೆ, ಒಂದೇ ಸೌಟು.