ಕಳಾವರ್

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ತಡವಾದಾಗ ಟವೆಲ್ಲು ಹಾಸಿ ಇಸ್ಪೀಟು ಕಲಸುವವರಿಗೆಲ್ಲ ‘ಕಳಾವರ್ ರಾಜ’ ಗೊತ್ತು. ಅವನ ಹೆಸರು ಡಚ್ಚರ ಕಡೆಯದೆಂದು ಎಷ್ಟು ಜನಕ್ಕೆ ಗೊತ್ತೋ! ಡಚ್ ಭಾಷೆಯ ‘ಕ್ಲಾವರ್’ ಎಂದರೆ ದನಕ್ಕೆ ಹಾಕುವ ಒಂದು ಮೂರೆಲೆ ಸೊಪ್ಪು. ಕಾರ್ಡಿನ ಮೇಲಿನ ಕಪ್ಪು ಚಿತ್ರವನ್ನು ದಿಟ್ಟಿಸಿ ನೋಡಿ, ಸೊಪ್ಪೇ ಅದು. ಅದಕ್ಕೆ ದೊಣ್ಣೆಯ ಹೆಸರಿಟ್ಟ ಇಂಗ್ಲಿಷರ ಕಣ್ಣಿಗೆ ಏನು ಕಂಡಿತೋ! ‘ಆಟೀನು’ ಕೂಡ ಡಚ್ಚರ ‘ಹಾರ್ಟನ್’, ಅಂದರೆ ಹೃದಯಗಳು.

ಈ ಡಚ್ ಮಾತುಗಳು ಇಲ್ಲಿಗೆ ಬಂದದ್ದು ಹೇಗೆ? ಕೊಚ್ಚಿ 1663ರಿಂದ 1795ರವರೆಗೆ ಡಚ್ಚರ ಕೈಯಲ್ಲಿತ್ತು. ನಮ್ಮ ಬಸರೂರಿನಲ್ಲೂ ಅವರ ವ್ಯಾಪಾರವಿತ್ತು. ಅವರೇ ಆಳಿದ ಸಿಂಹಳದಲ್ಲಿ ಈ ಕಾರ್ಡು ‘ಕಲಾಬರ’. ಇನ್ನು ‘ಕಳಾವರ್ ಗುಲಾಮ’ನ ಗುಲಾಮ ಅರಬ್ಬಿಯವನು.