ಮಣ್ಣಿಗೆ ಬಿದ್ದ ಚಿಮಟ

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿದ ನನ್ನಂಥವರಿಗೆ ಪರೇಲ್ ಎಂದರೆ ಆಸ್ಪತ್ರೆಗಳ ಊರು. ಕೆಇಎಂ, ಟಾಟಾ, ವಾಡಿಯಾ... ಊರಿನಿಂದ ಯಾರಾದರೂ ಕಾಯಿಲೆಯವರನ್ನು ಕರೆತಂದರೆ ನಾವೆಲ್ಲ ಓಡುವುದು ಅಲ್ಲಿಗೇ. ಅದೇ ಆಸುಪಾಸಿನಲ್ಲಿ ಹಾಫ್ಕಿನ್ ಸಂಸ್ಥೆಯೂ ಇದೆ. ಆ ಹೆಸರಿನ ಹಿಂದೆ ಒಂದು ದೊಡ್ಡ ಅನ್ಯಾಯದ ಕಥೆಯಿದೆ. ಆಸ್ಪತ್ರೆಯಲ್ಲಿ ಸೋಂಕು ಹೇಗೆ ಹರಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಸಿಕ್ಕಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ವೀಗಸ್ ಎಂಬ ವೈದ್ಯರು ಪ್ಲೇಗನ್ನು ಗುರುತಿಸಿದರು. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ವಾಲ್ಡೆಮಾರ್ ಹಾಫ್ಕಿನ್ ಆಗ ಕಾಲರಾ ಲಸಿಕೆಯ ಕೆಲಸದ ಮೇಲೆ ಭಾರತದಲ್ಲಿದ್ದರು. ಸರ್ಕಾರ ಅವರನ್ನು ಮುಂಬಯಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ಪುಟ್ಟ ಜಾಗದಲ್ಲೇ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಆಮೇಲೆ ಬೈಕಲಾ ಜೈಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಕೊಟ್ಟರು. 1899ರಲ್ಲಿ ಪರೇಲಿನ ಹಳೇ ಗವರ್ನರ್ ಬಂಗಲೆ ಅವರ ಪ್ರಯೋಗಾಲಯವಾಯಿತು.

ನಮ್ಮ ಕಡೆಗೂ ಈ ಕಥೆಗೂ ನಂಟಿದೆ. ಹುಬ್ಬಳ್ಳಿ, ಧಾರವಾಡಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವಲ್ಲ? 1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಹಾಫ್ಕಿನ್ ಲಸಿಕೆ ಚುಚ್ಚಿಸಿಕೊಂಡರು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ಅಜ್ಜ-ಅಜ್ಜಿಯರ ಬಾಯಲ್ಲಿ ಕೇಳಿದವರು ನಿಮ್ಮಲ್ಲೂ ಇರಬಹುದು.

ಈಗ 1902ಕ್ಕೆ ಬರೋಣ. ಅಕ್ಟೋಬರ್ 30, ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿ (ಇಂದು ಪಾಕಿಸ್ತಾನದಲ್ಲಿದೆ). ಅಂದು 107 ಜನರಿಗೆ ಪ್ಲೇಗ್ ಲಸಿಕೆ ಹಾಕಿದರು. ಕೆಲವೇ ದಿನಗಳಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತೂ ಜನ ಸತ್ತರು. ಅಷ್ಟೂ ಮಂದಿ ಒಂದೇ ಬಾಟಲಿಯಿಂದ ಲಸಿಕೆ ಪಡೆದವರು. ಬಾಟಲಿಯ ಗುರುತು 53-ಎನ್. ಬೇರೆ ಬಾಟಲಿಗಳಿಂದ ತೆಗೆದುಕೊಂಡವರಿಗೆ ಏನೂ ಆಗಲಿಲ್ಲ.

ಬಾಟಲಿ ತುಂಬಿದ್ದು 41 ದಿನಗಳ ಹಿಂದೆ, ಪರೇಲಿನಲ್ಲಿ. ಅಂದ ಮೇಲೆ ತಪ್ಪು ಪರೇಲಿನದೇ! ಅದರ ಜೊತೆಗೆ ಇನ್ನೊಂದು ವಿಷಯವೂ ಸಿಕ್ಕಿತು. ಹೆಚ್ಚು ಲಸಿಕೆ ಬೇಗ ತಯಾರಿಸಬೇಕೆಂದು ಹಾಫ್ಕಿನ್ ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು, ಕಾಯಿಸಿ ಶುದ್ಧಿ ಮಾಡುವ ಕ್ರಮ ಹಿಡಿದಿದ್ದರು. ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಮುಂದಾಳತ್ವದ ಸಮಿತಿ, ಬಿರಡೆ ತೆಗೆಯುವ ಮೊದಲೇ ಬಾಟಲಿ ಕೆಟ್ಟಿತ್ತು ಎಂದು ತೀರ್ಮಾನಿಸಿತು. ಹಾಫ್ಕಿನ್ ಕೆಲಸ ಹೋಯಿತು.

ಆದರೆ ವಿಚಾರಣೆಯ ಸಾಕ್ಷ್ಯದಲ್ಲೇ ಒಂದು ಸಣ್ಣ ಸಂಗತಿಯಿತ್ತು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಔಷಧಿ ನೀರಿನಲ್ಲಿ ಅದ್ದಿ, ಅದರಿಂದಲೇ ಬಿರಡೆ ಎಳೆದಿದ್ದ. ಧನುರ್ವಾಯುವಿನ ಬೀಜಾಣು ಇರುವುದೇ ಮಣ್ಣಿನಲ್ಲಿ. ಹಾಗೆ ಒಮ್ಮೆ ಅದ್ದಿ ತೆಗೆದರೆ ಅದು ಸಾಯುವ ಜಾತಿಯದಲ್ಲ, ಬೆಂಕಿಯಲ್ಲಿ ಹಿಡಿಯಬೇಕಿತ್ತು. ಅದೂ ಅಲ್ಲದೆ, ರೋಗಾಣು 41 ದಿನ ಬಾಟಲಿಯೊಳಗೆ ಬೆಳೆದಿದ್ದರೆ ಕೆಟ್ಟ ವಾಸನೆ ಮೂಗಿಗೆ ಹೊಡೆಯಬೇಕಿತ್ತು. ಲಸಿಕೆ ಹಾಕಿದ ವೈದ್ಯರಿಗೆ ಅಂಥ ವಾಸನೆಯೇನೂ ಬಂದಿರಲಿಲ್ಲ.

ಇದನ್ನೆಲ್ಲ ಎತ್ತಿ ಹಿಡಿದವರು ರೊನಾಲ್ಡ್ ರಾಸ್. ಸಿಕಂದರಾಬಾದಿನಲ್ಲಿ ಸೊಳ್ಳೆ-ಮಲೇರಿಯಾದ ಗುಟ್ಟು ಬಿಡಿಸಿ ನೊಬೆಲ್ ಪಡೆದವರು. (ಹೈದರಾಬಾದಿನ ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಿಲ್ಲ!) 1907ರಲ್ಲಿ ಅವರೂ ಇತರ ವಿಜ್ಞಾನಿಗಳೂ ಸೇರಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಅದೇ ವರ್ಷದ ಕೊನೆಗೆ ಹಾಫ್ಕಿನ್ ಮೇಲಿನ ಕಳಂಕ ಕಳೆಯಿತು. ಅವರು ಕಲ್ಕತ್ತಾಕ್ಕೆ ಮರಳಿದರು, ಪರೇಲಿಗೆ ಅಲ್ಲ. ಪ್ರಯೋಗಾಲಯಕ್ಕೆ ಅವರ ಹೆಸರು ಬಂದದ್ದು 1925ರಲ್ಲಿ. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಹಾಗಾದರೆ ಆ ಸಹಾಯಕನೇ ಅಪರಾಧಿಯೇ? ನನಗೆ ಹಾಗೆನ್ನಿಸುವುದಿಲ್ಲ. ಬಯಲಿನಲ್ಲಿ ಜನ ಸಾಲುಗಟ್ಟಿದ್ದಾರೆ, ಕೆಲಸ ಬೇಗ ಮುಗಿಯಬೇಕು, ಒಂದು ಬಾಟಲಿ ಹಲವರಿಗೆ. ಚಿಮಟ ಯಾರ ಕೈಯಿಂದಲೂ ಬೀಳಬಹುದು. ಬಿದ್ದಾಗ ಪಕ್ಕದಲ್ಲೇ ಇನ್ನೊಂದು ಶುದ್ಧವಾದ ಚಿಮಟ ಇರಬೇಕು, “ಇದು ಬೇಡ, ತಡೆಯಿರಿ” ಎನ್ನಲು ಅಲ್ಲಿದ್ದವರಿಗೆ ಧೈರ್ಯವೂ ಇರಬೇಕು. ಸೋಂಕು ತಡೆಯುವುದು ಎಂದರೆ ಮುಖ್ಯವಾಗಿ ಈ ಏರ್ಪಾಡೇ. ಇವತ್ತು ಲಸಿಕೆಗೆ ಒಂದೇ ಸಲ ಬಳಸಲಾಗುವ ಸಿರಿಂಜ್ ಬಂದಿದೆ. ಎಳೆಯುವ ಬಿರಡೆಯ ಬದಲು ಸೂಜಿ ಚುಚ್ಚುವ ರಬ್ಬರ್ ಮುಚ್ಚಳ ಬಂದಿದೆ. ಮನುಷ್ಯನ ಕೈ ಜಾರುತ್ತದೆ ಎಂದು ಒಪ್ಪಿಕೊಂಡು ಮಾಡಿದ ವಸ್ತುಗಳಿವು. ಆದರೆ ಆ ಕೈಯನ್ನು ತೊಳೆಯುವ ಕೆಲಸ ಮಾತ್ರ ಇನ್ನೂ ಕೈಯದೇ!

ಒಂದು ಲಸಿಕೆ ಪರೇಲಿನಿಂದ ಪಂಜಾಬಿನವರೆಗೆ ಸುರಕ್ಷಿತವಾಗಿ ಹೋಗಿ, ಕೊನೆಯ ಗೇಣಿನಲ್ಲಿ ಕೆಟ್ಟಿತು. ಮುಂದಿನ ಸಲ ನಮ್ಮವರ ಹಾಸಿಗೆ ಪಕ್ಕದಲ್ಲಿ ಕೂತಾಗ, ಇಂಜೆಕ್ಷನ್ ಕೊಡಲು ಬಂದವರನ್ನು “ಸಿಸ್ಟರ್, ಕೈ ತೊಳೆದಿದ್ದೀರಲ್ಲ?” ಎಂದು ಕೇಳಲು ಸಂಕೋಚ ಬೇಡ. ಮೆತ್ತಗೆ, ನಗುತ್ತಲೇ ಕೇಳಿ. ಅವರೂ ತಪ್ಪು ತಿಳಿಯಲಾರರು.